ನಲವತ್ತಮೂರು ಅಂಗೈಗಳನ್ನು ಓದಿದ ಕಿನುಯೊ

ಕಳೆದ ನವೆಂಬರಿನ ಒಂದು ಮಂಗಳವಾರ, ಬೆಳಗಿನ ಐದೂಕಾಲು. ಜಪಾನಿನ ಅಮಾಗಾಸಾಕಿಯ ಅಂಗಡಿ ಸಾಲಿನಲ್ಲಿ ತೋಫು ಮಾಡುವವರ ಮನೆಯೊಂದನ್ನು ಬಿಟ್ಟರೆ ಎಲ್ಲೂ ದೀಪವಿಲ್ಲ. ಅದರ ಎದುರಿಗೆ ಮುಚ್ಚಿಹೋದ ಒಂದು ಚಪ್ಪಲಿ ಅಂಗಡಿ, ಅದರ ಪಕ್ಕದಲ್ಲಿ ಮೆಟ್ಟಿಲು. ಉಗಾಯಿ ಕಿನುಯೊ ಮೂರನೇ ಮಹಡಿಗೆ ಹತ್ತಿ ಕಚೇರಿಯ ಬೀಗ ತೆಗೆಯುತ್ತಾರೆ. ಹೊರಗಿನ ಚಪ್ಪಲಿ ಬಿಟ್ಟು ಒಳಗಿನದಕ್ಕೆ ಕಾಲು ತೂರಿಸಿ, ನೀರು ಕಾಯಲು ಇಟ್ಟು, ಕಿಟಕಿ ಪಕ್ಕದ ಮೇಜಿಗೆ ಬಂದು ಕೂರುತ್ತಾರೆ. ಬಾರ್ಲಿ ಚಹಾ, ಉಪ್ಪಿನಲ್ಲಿ ನೆನೆಸಿದ ಹುಳಿಹಣ್ಣಿಟ್ಟ ಒಂದು ಅನ್ನದುಂಡೆ. ಕಂಪ್ಯೂಟರ್ ಕಣ್ಣು ಬಿಡುವುದರೊಳಗೆ ಉಂಡೆ ಅರ್ಧ ಮುಗಿದಿರುತ್ತದೆ.

ಕಿನುಯೊಗೆ ಅರವತ್ತೊಂದು ವರ್ಷ. ವೆಬ್‌ಸೈಟುಗಳಿಗೆ ಜಾಹೀರಾತು ತಂದುಕೊಡುವ ಕಂಪನಿಯೊಂದರಲ್ಲಿ ತಾಣಗಳನ್ನು ಓದುವುದು ಇವರ ಕೆಲಸ. ನಾವು ಅಡುಗೆಯದೋ ಮೀನು ಹಿಡಿಯುವುದರದೋ ಪುಟ ತೆರೆದಾಗ ಮೂಲೆಯಲ್ಲಿ ಅಕ್ಕಿ ಕುಕ್ಕರಿನ ಜಾಹೀರಾತು ಕಾಣುತ್ತದಲ್ಲ, ಅದು ಅಲ್ಲಿಗೆ ಬರುವ ಮುಂಚೆ ಆ ಪುಟ ಕಂಪನಿಯ ನಿಯಮಗಳನ್ನು ದಾಟಿ ಬಂದಿರಬೇಕು. ನಿಯಮಗಳು ಹದಿನಾಲ್ಕು. ಒಂಬತ್ತನೆಯದು ಜೂಜಿನದು. ಅದನ್ನು ನೋಡಿಕೊಳ್ಳುವವರು ಕಿನುಯೊ.

ಇಷ್ಟು ಬೇಗ ಯಾಕೆ ಎಂದರೆ ನಗುತ್ತಾರೆ. "ನಾವು ಒಂಬತ್ತು ಗಂಟೆಗೆ ಬರ್ತೀವಿ ಅಂತ ಜೂಜಿನ ತಾಣದವರಿಗೂ ಗೊತ್ತು. ಎಂಟಕ್ಕೆಲ್ಲ ಅಂಗಡಿ ಒಳಗೆಳೆದು, ಹೂವಿನ ಕುಂಡ ಹೊರಗಿಟ್ಟು ಕೂತಿರ್ತಾರೆ. ಐದೂವರೆಗೆ ಬಂದ್ರೆ ಇನ್ನೂ ಬಾಗಿಲು ತೆಗೆದಿರತ್ತೆ, ನೋಡಿ."

ಆ ಮಂಗಳವಾರ ಸಾಲಿನಲ್ಲಿ ಮೊದಲಿಗೆ ಇರುವುದು 'ಮೊಳೆ ಬಡಿಯುವವನ ಟಿಪ್ಪಣಿ' ಎಂಬ ತಾಣ. ಹಿಮೆಜಿಯ ಆಚೆ ಇರುವ ಕುಮೆದಾ ಕುರಾಜಿ ಎಂಬ ಎಪ್ಪತ್ತಾರರ ಮುದುಕರದು. ತಾಣಗಳನ್ನು ಮೊದಲು ಶೋಧಿಸುವ ಕಂಪನಿಯ ಯಂತ್ರ, ಜೂಜಿನ ತಾಣವೆಂದು ಅದರ ಜಾಹೀರಾತು ನಿಲ್ಲಿಸಿದೆ. ಕುಮೆದಾ ಎರಡು ಸಲ ಅರ್ಜಿ ಹಾಕಿದ್ದಾರೆ. ಎರಡು ಸಲವೂ ಬೇರೆ ಬೇರೆ ಪರೀಕ್ಷಕರು ಬೇಡವೆಂದಿದ್ದಾರೆ. ಇದು ಮೂರನೆಯದು. ಮೂರನೆಯದೂ ಬಿದ್ದರೆ ಆ ತಾಣಕ್ಕೆ ಇನ್ನೆಂದೂ ಜಾಹೀರಾತು ಇಲ್ಲ. ತಾಣದ ಬಾಡಿಗೆ ನಡೆಯುತ್ತಿದ್ದುದೇ ಅದರಿಂದ. ನಿಂತರೆ ಮಾರ್ಚಿಗೆ ಪುಟಗಳೆಲ್ಲ ಅಳಿಸಿಹೋಗುತ್ತವೆ. ಮಧ್ಯಾಹ್ನ ಹನ್ನೆರಡರೊಳಗೆ ಕಿನುಯೊ ಒಪ್ಪಿಗೆ ಎನ್ನಬೇಕು, ಇಲ್ಲವೇ ನಿರಾಕರಣೆ ಎನ್ನಬೇಕು.

ನಿಯಮ ಒಂಬತ್ತು ಓದಲು ಒಂದೂವರೆ ಪುಟ. ಕಿನುಯೊ ಅದನ್ನು ಮೂರು ರಾಶಿ ಮಾಡಿ ಹೇಳುತ್ತಾರೆ. "ಆಡಿಸೋ ತಾಣ, ದಾರಿ ತೋರಿಸೋ ತಾಣ, ಮಾತಾಡೋ ತಾಣ. ಆಡಿಸೋದಕ್ಕೆ ಜಾಹೀರಾತು ಇಲ್ಲ. ಆಡೋ ಜಾಗಕ್ಕೆ, ಗೆದ್ದಿದ್ದನ್ನ ದುಡ್ಡು ಮಾಡೋ ಜಾಗಕ್ಕೆ ದಾರಿ ತೋರಿಸೋದಕ್ಕೂ ಇಲ್ಲ. ಸುಮ್ನೆ ಮಾತಾಡ್ಕೊಂಡಿರೋರಿಗೆ ಕೊಡಬಹುದು. ಜೂಜಿನ ಚರಿತ್ರೆ ಬರೀಲಿ, ಬಿಡೋದು ಹೇಗೆ ಅಂತ ಬರೀಲಿ, ಗಂಡ ರೇಸಿಂದ ಬಂದಾಗ ತಾನು ಏನೇನು ಬೈದೆ ಅಂತ ಬರೀಲಿ, ನಂಗೇನು?"

ಮೊದಲ ರಾಶಿಯನ್ನು ಯಂತ್ರವೇ ಹಿಡಿಯುತ್ತದೆ. ಎರಡಕ್ಕೂ ಮೂರಕ್ಕೂ ನಡುವೆ ಅದು ತಡವರಿಸುತ್ತದೆ. ಹಾಗೆ ಅದು ತಡವರಿಸಿದ ತಾಣಗಳು ದಿನಕ್ಕೆ ನೂರನಲವತ್ತು ಕಿನುಯೊ ಮೇಜಿಗೆ ಬರುತ್ತವೆ. ಒಂದಕ್ಕೆ ಎರಡೂವರೆ ನಿಮಿಷ ಎಂದು ಕಂಪನಿಯ ಲೆಕ್ಕ. ನಾಲ್ಕು ವರ್ಷದಲ್ಲಿ ಒಂದೂಕಾಲು ಲಕ್ಷ ದಾಟಿದೆ. ಅದರಲ್ಲಿ ಮೇಲಿನವರು ತಪ್ಪೆಂದು ತಿರುಗಿಸಿದ್ದು ಹತ್ತೊಂಬತ್ತು.

"ಆ ಹತ್ತೊಂಬತ್ತೂ ನೆನಪಿದೆ," ಎನ್ನುತ್ತಾರೆ. "ಉಳಿದಿದ್ದು ಒಂದೂ ನೆನಪಿಲ್ಲ."

ಇವರ ಓದುವ ರೀತಿ ಬೇರೆಯವರದಂತಲ್ಲ. ಎಲ್ಲರೂ ಪುಟದ ತಲೆಯಿಂದ ಶುರು ಮಾಡಿದರೆ ಕಿನುಯೊ ಬುಡದಿಂದ ಮೇಲಕ್ಕೆ ಬರುತ್ತಾರೆ. ಮೊದಲು ಓದುಗರ ಪ್ರಶ್ನೆಗಳು, ಆಮೇಲೆ ಚಿತ್ರಗಳ ಅಂಚು, ಕೊನೆಗೆ ಬರಹ. ಹೋದ ವರ್ಷ ಒಂದು ಬೆಕ್ಕಿನ ತಾಣ ಬಂತು. ಇನ್ನೂರು ಬೆಕ್ಕು, ಎಲ್ಲ ಮುದ್ದು. ಪಕ್ಕದ ಮೇಜಿನ ಸೆನಾ ಮಿಹೊ, ಇಪ್ಪತ್ತಾರರ ಹುಡುಗಿ, ಅಷ್ಟೂ ನೋಡಿ ಒಪ್ಪಿಗೆ ಕೊಡುವುದರಲ್ಲಿದ್ದಳು. ಕಿನುಯೊ ಕೈ ಚಾಚಿ ಅವಳ ಮೌಸ್ ಹಿಡಿದು ಒಂದು ಬೂದು ಬೆಕ್ಕಿನ ಎಡಗಣ್ಣನ್ನು ಒತ್ತಿದರು. ಕಣ್ಣು ಸಮುದ್ರದಾಚೆಯ ಒಂದು ಪಣದ ಮನೆಗೆ ಬಾಗಿಲಾಗಿ ತೆರೆದುಕೊಂಡಿತು.

"ಅಕ್ಕಾ, ಬೆಕ್ಕಿನ ಕಣ್ಣಲ್ಲೂ ಜೂಜು ಕಾಣತ್ತಲ್ಲ ನಿಮಗೆ. ಮನೇಲಿ ಊಟ ಹೇಗೆ ಸೇರತ್ತೆ?"

"ಇನ್ನೂರು ಬೆಕ್ಕಲ್ಲಿ ಇದೊಂದಕ್ಕೇ ಯಾಕಮ್ಮ ಕಣ್ಣು ಹೊಳೀಬೇಕು? ಅಷ್ಟೇ ನೋಡಿದ್ದು ನಾನು."

ಇದು ಓದಿ ಬಂದ ವಿದ್ಯೆಯಲ್ಲ. ಇಪ್ಪತ್ತೆರಡು ವರ್ಷ ಕಿನುಯೊ ಪಚಿಂಕೊ ಎಂಬ ಗುಂಡಿನಾಟದ ಒಂದು ಅಂಗಡಿಯ ಬಹುಮಾನದ ಕೌಂಟರಿನಲ್ಲಿ ನಿಂತಿದ್ದರು. ಸಾಲು ಸಾಲು ಗಾಜಿನ ಪೆಟ್ಟಿಗೆಗಳು; ಒಳಗೆ ಹಿತ್ತಾಳೆ ಮೊಳೆಗಳ ನಡುವೆ ಉಕ್ಕಿನ ಗುಂಡುಗಳು ಸುರಿಯುತ್ತವೆ; ಗೆದ್ದವರು ಗುಂಡುಗಳ ಬುಟ್ಟಿ ಹೊತ್ತು ಕೌಂಟರಿಗೆ ಬರುತ್ತಾರೆ. ಆ ಸದ್ದಿನಲ್ಲಿ ಕಿನುಯೊರ ಎಡಗಿವಿ ಮುಕ್ಕಾಲು ಹೋಯಿತು. ಈಗಲೂ ಮಾತಾಡಿಸುವವರು ಬಲಗಡೆ ಕೂರಬೇಕು.

ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಒಂದು ಮಗು ಎತ್ತಿಕೊಂಡು ಗಂಡನ ಮನೆ ಬಿಟ್ಟು ಬಂದಾಗ, ಇರಲು ಕೋಣೆ ಕೊಟ್ಟು ಕೆಲಸ ಕೊಟ್ಟದ್ದು ಆ ಪಚಿಂಕೊ ಅಂಗಡಿಯೇ. ಮೊದಲ ಐದು ವರ್ಷ ನೆಲ ಒರೆಸಿದರು, ಆಮೇಲೆ ಕೌಂಟರ್. ಬೇಸಿಗೆಯಲ್ಲಿ ಇನ್ನೊಂದು ಕೆಲಸ: ಗಂಟೆಗೊಮ್ಮೆ ಹೊರಗಿನ ಕಾರುಗಳ ಗಾಜು ಒರೆಸಿ ಒಳಗೆ ನೋಡುವುದು. ಆಡಲು ಬಂದವರು ಮಕ್ಕಳನ್ನು ಬಿಟ್ಟಿರುತ್ತಾರೆ. ಒಮ್ಮೆ, ಆಗಸ್ಟಿನಲ್ಲಿ, ಸಿಕ್ಕಿತು. ಏಳು ತಿಂಗಳ ಹೆಣ್ಣು ಮಗು. ಗಾಜು ಒಡೆದು ತೆಗೆದರು. ಉಳಿಯಿತು.

"ಆಟ ಕೆಟ್ಟದ್ದು ಅಂತ ನಾನು ಅನ್ನಲ್ಲ, ಅದರ ಅನ್ನ ತಿಂದಿದೀನಿ," ಎನ್ನುತ್ತಾರೆ. "ಒಳ್ಳೇದು ಅಂತಾನೂ ಅನ್ನಲ್ಲ. ಗಾಜು ಒರೆಸಿ ನೋಡು ಅಂದ್ರು, ನೋಡ್ದೆ. ಈಗಲೂ ಅದನ್ನೇ ಮಾಡ್ತಿದೀನಿ."

ಸಾಂಕ್ರಾಮಿಕದ ವರ್ಷ ಅಂಗಡಿ ಮುಚ್ಚಿತು. ಐವತ್ತಾರು ದಾಟಿದ, ಒಂದು ಕಿವಿಯ ಹೆಂಗಸಿಗೆ ಕೆಲಸ ಕೊಡುವವರು ಯಾರು? ಉದ್ಯೋಗ ಕಚೇರಿಯ ಸಾಲಿನಲ್ಲಿ ಎಂಟು ತಿಂಗಳು ಕೂತರು. ಕೊನೆಗೆ ಈ ಕಂಪನಿ ಒಂದು ಪರೀಕ್ಷೆ ಇಟ್ಟಿತು: ಐವತ್ತು ತಾಣ, ಯಾವುದು ಜೂಜು, ಯಾವುದು ಅಲ್ಲ. ಕಾಲೇಜು ಮುಗಿಸಿದವರು ಮೂವತ್ತೈದು ಮೂವತ್ತಾರು ಸರಿ ಮಾಡಿದರು. ಕಿನುಯೊ ನಲವತ್ತೆಂಟು. ಆರಾರು ತಿಂಗಳ ಕರಾರು; ಇವತ್ತಿಗೂ ಹಾಗೆಯೇ.

ಹೀಗಿರುವ ಕಿನುಯೊಗೂ ಕುಮೆದಾರ ತಾಣದಲ್ಲಿ ನಾಲ್ಕು ದಿನದಿಂದ ಏನೂ ಸಿಕ್ಕಿಲ್ಲ. ಯಂತ್ರ ಕಾರಣ ಹೇಳುವುದಿಲ್ಲ, 'ಒಂಬತ್ತು' ಎಂದು ಅಂಕಿ ಹೇಳಿ ಸುಮ್ಮನಾಗುತ್ತದೆ. ಹಿಂದಿನ ಇಬ್ಬರು ಪರೀಕ್ಷಕರೂ ಆ ಅಂಕಿಯನ್ನು ನಂಬಿ ಅಚ್ಚಿನ ಉತ್ತರ ಕಳಿಸಿದ್ದಾರೆ: 'ನಿಮ್ಮ ತಾಣ ನಿಯಮ ಒಂಬತ್ತಕ್ಕೆ ಹೊಂದುವುದಿಲ್ಲ. ದಯವಿಟ್ಟು ಪರಿಶೀಲಿಸಿ.' ಎಲ್ಲಿ, ಏನು ಎಂಬುದು ಅದರಲ್ಲಿಲ್ಲ. ಹೇಳಬಾರದು ಎಂಬುದು ಪದ್ಧತಿ.

ಮೊಳೆ ಬಡಿಯುವವರನ್ನು ಪಚಿಂಕೊ ಅಂಗಡಿಗಳಲ್ಲಿ ದೇವರಂತೆ ನೋಡುತ್ತಿದ್ದ ಕಾಲವೊಂದಿತ್ತು. ಗುಂಡು ಯಾವ ಕಡೆ ಜಾರಬೇಕೆಂಬುದು ಅವರ ಪುಟ್ಟ ಸುತ್ತಿಗೆಯಲ್ಲಿತ್ತು. ಕೂದಲೆಳೆಯಷ್ಟು ಬಾಗಿಸಿದರೆ ಇಡೀ ಪೆಟ್ಟಿಗೆಯ ಸ್ವಭಾವ ಬದಲು. ಕುಮೆದಾ ಐವತ್ತು ವರ್ಷ ಆ ಕೆಲಸ ಮಾಡಿದವರು. ಈಗ ಹಳೆಯ ಪೆಟ್ಟಿಗೆಗಳನ್ನು ರಿಪೇರಿ ಮಾಡಿ ವೃದ್ಧರ ಹಗಲು ಮನೆಗಳಿಗೆ ಕೊಡುತ್ತಾರೆ. ಅಲ್ಲಿ ಬಹುಮಾನವಿಲ್ಲ, ಮುದುಕ ಮುದುಕಿಯರು ಗುಂಡು ಬೀಳುವುದನ್ನು ನೋಡುತ್ತಾರೆ, ಅಷ್ಟೆ. ತಾಣದಲ್ಲಿ ಇದೆಲ್ಲದರ ವಿವರ. ಯಾವ ವರ್ಷದ ಪೆಟ್ಟಿಗೆ, ಯಾರು ಮಾಡಿದ್ದು, ಯಾವ ಭಾಗ ಎಲ್ಲಿ ಸಿಗುತ್ತದೆ.

ಮೂರನೆಯ ಅರ್ಜಿಯ ಜೊತೆ ಅವರೊಂದು ಪತ್ರ ಇಟ್ಟಿದ್ದಾರೆ. ಕಿನುಯೊ ಆ ಬೆಳಿಗ್ಗೆ ಅದನ್ನು ಮತ್ತೆ ತೆರೆಯುತ್ತಾರೆ.

'ಮೊದಲ ಸಲ ನೀವು ಬೇಡವೆಂದಾಗ ಮೊಳೆಗಳ ಚಿತ್ರಗಳನ್ನೆಲ್ಲ ತೆಗೆದೆ. ನಾನೂರ ಹನ್ನೆರಡು ಇದ್ದವು. ಎರಡನೆಯ ಸಲ, ಗುಂಡು ಬೀಳುವ ಸದ್ದಿನ ಧ್ವನಿಮುದ್ರಣಗಳನ್ನು ತೆಗೆದೆ. ಇನ್ನು ತೆಗೆಯುವುದಕ್ಕೆ ನನ್ನ ಹೆಸರೊಂದು ಉಳಿದಿದೆ. ಹಣದ ಕಿಟಕಿಯ ವಿಷಯ ಕೇಳಿದವರಿಗೆ ನಾನು ಎಂದೂ ಏನನ್ನೂ ಹೇಳಿಲ್ಲ. ಅಂಗಡಿಯ ಪದ್ಧತಿಯಂತೆಯೇ ಉತ್ತರಿಸಿದ್ದೇನೆ. ಬೇಕಿದ್ದರೆ ನೋಡಿ.'

ನಾಲ್ಕು ದಿನ ಈ ಕೊನೆಯ ಮಾತನ್ನು ಕಿನುಯೊ ದಾಟಿಕೊಂಡು ಹೋಗಿದ್ದರು. ಅದರಲ್ಲಿ ನೋಡುವಂಥದ್ದೇನೂ ಅವರಿಗೆ ಕಂಡಿರಲಿಲ್ಲ. ಅಂಗಡಿಯ ಪದ್ಧತಿ ಏನೆಂದು ಅವರಿಗೆ ಗೊತ್ತು, ಗೊತ್ತಿದ್ದುದರಿಂದಲೇ ನಿಲ್ಲಲಿಲ್ಲ. ಆ ಬೆಳಿಗ್ಗೆ ಅನ್ನದುಂಡೆಯ ಕೊನೆಯ ತುತ್ತು ಬಾಯಲ್ಲಿರುವಾಗ ನಿಂತರು. 'ಕೇಳಿದವರಿಗೆ ಉತ್ತರ' ಎಂಬ ಪುಟಕ್ಕೆ ಹೋದರು. ನಾಲ್ಕು ಸಲ ನೋಡಿದ್ದ ಪುಟ.

ಹಳೆಯ ಅಂಗಡಿಗಳನ್ನು ನೋಡಲು ದೂರದಿಂದ ಬರುವ ಹವ್ಯಾಸಿಗಳಿರುತ್ತಾರೆ. ಇಂತಿಂಥ ಅಂಗಡಿಗೆ ಹೋಗುತ್ತಿದ್ದೇನೆ, ಗೆದ್ದರೆ ಕಿಟಕಿ ಎಲ್ಲಿ, ಎಂದು ಬರೆದು ಕೇಳುತ್ತಾರೆ; ಗೆದ್ದದ್ದು ದುಡ್ಡಾಗುವ ಕಿಟಕಿ. ಪ್ರತಿಯೊಬ್ಬರಿಗೂ ಕುಮೆದಾ ಒಂದೇ ಸಾಲಿನ ಉತ್ತರ ಕೊಟ್ಟಿದ್ದಾರೆ: 'ಎಲ್ಲರೂ ಆ ಕಡೆಗೆ ಹೋಗುವಂತೆ ಕಾಣುತ್ತದೆ.' ಉತ್ತರದ ಪಕ್ಕದಲ್ಲಿ ಆ ಅಂಗಡಿಯ ಮುಂಬಾಗಿಲ ಪುಟ್ಟ ಚಿತ್ರ, ಕೈಯಲ್ಲಿ ಬರೆದದ್ದು. ಚಿತ್ರದ ಕೆಳಗೆ ಒಂದು ಅಂಗೈ. ಐದು ಬೆರಳೂ ಕೂಡಿಸಿ, ಮೇಲ್ಮುಖವಾಗಿ ಚಾಚಿದ ಅಂಗೈ. ಒಂದರಲ್ಲಿ ಎಡಕ್ಕೆ. ಇನ್ನೊಂದರಲ್ಲಿ ಬಲಕ್ಕೆ, ಸ್ವಲ್ಪ ಕೆಳಗೆ.

ಕಿನುಯೊ ಎಣಿಸುತ್ತಾರೆ. ನಲವತ್ತಮೂರು ಅಂಗಡಿ, ನಲವತ್ತಮೂರು ಅಂಗೈ.

ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಮಿಹೊ ಬರುತ್ತಾಳೆ. "ಇನ್ನೂ ಆ ಮುದುಕನ ಜೊತೆನೇ ಇದೀರಾ? ಮದ್ವೆ ಆಗ್ಬಿಡಿ ಅಕ್ಕಾ."

"ಇಲ್ಲಿ ಬಾ. ಇದೇನು ಹೇಳು."

"ಕೈ."

"ಏನು ಹೇಳ್ತಿದೆ ಕೈ?"

ಮಿಹೊ ತಲೆ ಓರೆ ಮಾಡುತ್ತಾಳೆ. "ಬನ್ನಿ ಬನ್ನಿ ಅಂತಾನಾ? ಕೈ ತೊಳ್ಕೊಳ್ಳಿ ಅಂತಾನಾ? ಚೆನ್ನಾಗಿ ಬರ್ದಿದಾರೆ, ಉಗುರು ಕೂಡ ಇದೆ."

ತಾಣದ ತುಂಬ ಪಚಿಂಕೊ ಇದ್ದುದಕ್ಕೆ ಯಂತ್ರ 'ಒಂಬತ್ತು' ಎಂದಿರಬೇಕು; ಅಂಗೈಯಲ್ಲಿ ಅದಕ್ಕೂ ಇಷ್ಟೇ ಕಂಡಿದ್ದು. ಹಣ ಎಂಬ ಮಾತಿಲ್ಲ, ಬಾಣದ ಗುರುತಿಲ್ಲ, ನಕ್ಷೆಯಿಲ್ಲ. ಆದರೆ ಕಿನುಯೊ ಇಪ್ಪತ್ತೆರಡು ವರ್ಷ ಅದೇ ಅಂಗೈಯನ್ನು ಚಾಚಿದವರು. ಅವರು ಕುರ್ಚಿಯಿಂದ ಎದ್ದು ಮಿಹೊಗೆ ಮಾಡಿ ತೋರಿಸುತ್ತಾರೆ: ಬೆನ್ನು ಸ್ವಲ್ಪ ಬಾಗಿಸಿ, ಮುಖದಲ್ಲಿ ನಗೆ, ಬಲಗೈ ಮೆಲ್ಲನೆ ಪಕ್ಕಕ್ಕೆ.

"ಅಂಗಡಿಯವರು ದುಡ್ಡು ಕೊಡೋ ಹಾಗಿಲ್ಲ, ಕಾನೂನು. ನಾವು ಸಾಮಾನು ಕೊಡ್ತಿದ್ವಿ. ಸೋಪು, ಚಾಕಲೇಟು. ಅದರ ಜೊತೆ ಒಂದು ಪುಟ್ಟ ಡಬ್ಬಿ. ಹೊರಗೆ ಒಂದು ಕಿಟಕಿ, ಆ ಡಬ್ಬೀನ ಅಲ್ಲಿ ದುಡ್ಡು ಕೊಟ್ಟು ಕೊಂಡ್ಕೋತಾರೆ. ಆ ಕಿಟಕಿ ಯಾರದು? ನಮಗೆ ಗೊತ್ತಿಲ್ಲ. ಎಲ್ಲಿದೆ? ಗೊತ್ತಿಲ್ಲ. ಗಿರಾಕಿ ಕೇಳಿದ್ರೆ, 'ಎಲ್ಲರೂ ಆ ಕಡೆ ಹೋಗೋ ಹಾಗೆ ಕಾಣತ್ತೆ.' ಅಷ್ಟೇ ಅನ್ನಬೇಕು. ಒಂದು ಬೆರಳು ಎತ್ತಿದ್ರೆ ಸಂಬಳ ಕಟ್! ಬೆರಳು ಎತ್ತಿದ್ರೆ ತೋರಿಸಿದ ಹಾಗೆ. ಅಂಗೈ ಚಾಚಿದ್ರೆ ಏನೂ ಹೇಳ್ದೇ ಇದ್ದ ಹಾಗೆ."

"ಹಾಗಂದ್ರೆ ಇವರು ದಾರಿ ತೋರಿಸಿದಾರೆ."

"ನಲವತ್ತಮೂರು ಸಲ. ಆದ್ರೆ ತಾನು ಬಾಯೇ ಬಿಟ್ಟಿಲ್ಲ ಅಂತ ಮುದುಕನ ನಂಬಿಕೆ. ಅದನ್ನ ಅರ್ಜೀಲಿ ಎದೆ ತಟ್ಕೊಂಡು ಬೇರೆ ಬರ್ದಿದಾನೆ, ನೋಡು."

ಇದರಲ್ಲಿ ನಟನೆಯಿಲ್ಲವೆಂದು ಕಿನುಯೊಗೆ ಗೊತ್ತು. ಆ ಕಸುಬಿನಲ್ಲಿ ಬಾಳು ಕಳೆದವರಿಗೆ ಆ ಸಾಲು ಅತ್ಯಂತ ನಿರಪರಾಧಿ ಸಾಲು. ನಿಯಮ ಪಾಲಿಸುವುದೆಂದರೆ ಅದೇ. ಹಾಗಾಗಿ ಕುಮೆದಾ ತಮ್ಮ ಪುಟಗಳಲ್ಲಿ ತಪ್ಪನ್ನು ಹುಡುಕುತ್ತ ಹೋಗಿ, ತಪ್ಪಿಲ್ಲದ್ದನ್ನೆಲ್ಲ ಕಿತ್ತುಹಾಕಿದ್ದಾರೆ. ಐವತ್ತು ವರ್ಷದ ಕೆಲಸ, ನಾನೂರ ಹನ್ನೆರಡು ಚಿತ್ರ. ಇಟ್ಟುಕೊಂಡದ್ದು ಅಂಗೈಗಳನ್ನು.

ಸುಮ್ಮನೆ ಒಪ್ಪಿಗೆ ಒತ್ತಬಹುದಿತ್ತಲ್ಲ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಪ್ರಶ್ನೆಗೆ ಕಿನುಯೊ ಹೇಳುತ್ತಾರೆ: "ಯೋಚನೆ ಬಂತು. ಬರಲಿಲ್ಲ ಅಂದ್ರೆ ಸುಳ್ಳಾಗತ್ತೆ. ಆದ್ರೆ ನನಗೆ ಕಂಡಿದ್ದು ನಿಯಮದ ಪ್ರಕಾರ ತಪ್ಪೇ. ಆರು ತಿಂಗಳಿಗೆ ಇನ್ನೊಬ್ಬರು ನೋಡ್ತಾರೆ, ಅವರಿಗೂ ಕಾಣಬಹುದು. ಆಗ ಮುದುಕನಿಗೆ ಒಂದು ಅರ್ಜೀನೂ ಉಳಿದಿರಲ್ಲ. ಕಣ್ಣು ಮುಚ್ಚೋದು ಉಪಕಾರ ಅಲ್ಲ."

ನಿರಾಕರಣೆ ಒತ್ತುವುದೂ ಕಷ್ಟವೇನಲ್ಲ. ನಿಯಮ ಅವರ ಕಡೆಗಿತ್ತು. ಎರಡೂವರೆ ನಿಮಿಷದ ಕೆಲಸ.

ಪರದೆಯ ಮೇಲೆ ಮೂರನೆಯ ಗುಂಡಿಯೊಂದಿದೆ: ತಿದ್ದಲು ವಾಪಸು. ಕಿನುಯೊ ಸೇರಿದ ಮೇಲೆ ಅದನ್ನು ಯಾರೂ ಒತ್ತಿದ್ದಿಲ್ಲ. ಒತ್ತಿದರೆ ಆ ತಾಣ ತಂಡದ ಲೆಕ್ಕದಲ್ಲಿ ಮುಗಿಯದ ಕೆಲಸವಾಗಿ ಉಳಿಯುತ್ತದೆ. ಅದಕ್ಕೆ ತಂಡದ ಮುಖ್ಯಸ್ಥರ ಮುದ್ರೆಯೂ ಬೇಕು. ಮುಖ್ಯಸ್ಥ ಹಬು, ಮೂವತ್ತನಾಲ್ಕು ವರ್ಷ, ಕುರ್ಚಿಯ ಬೆನ್ನಿಗೆ ಹಳದಿ ಕಪ್ಪು ಪಟ್ಟೆಯ ಬೇಸ್‌ಬಾಲ್ ಟವೆಲು. ಒಂಬತ್ತೂಕಾಲಿಗೆ ಅವರ ಮೇಜಿನ ಮುಂದೆ ಕಿನುಯೊ ನಿಲ್ಲುತ್ತಾರೆ.

"ವಾಪಸು ಕಳಿಸ್ಬೇಕು. ಏನು ತೆಗೀಬೇಕು ಅಂತಾನೂ ಬರೀಬೇಕು."

"ಉಗಾಯಿ ಅವರೇ," ಹಬು ಕಾಫಿ ಲೋಟ ಕೆಳಗಿಡುತ್ತಾರೆ, "ಎಲ್ಲಿ ಸಿಕ್ಕಿಬಿದ್ರು ಅಂತ ನಾವೇ ಹೇಳ್ಕೊಟ್ರೆ ನಾಳೆ ಎಲ್ಲ ಕಳ್ಳರೂ ಅಷ್ಟನ್ನೇ ಒರೆಸ್ಕೊಂಡು ಬರ್ತಾರೆ. ಅದಕ್ಕೇ ಅಲ್ವಾ ಅಚ್ಚಿನ ಉತ್ತರ ಇರೋದು?"

"ಕಳ್ಳರಿಗೆ ಅಚ್ಚಿಂದೇ ಕಳಿಸಿ. ಇವರು ಕಳ್ಳ ಅಲ್ಲ. ಮನೇಲಿ ಹಾವಿದೆ ಅಂತ ನಾವು ಹೇಳಿದೀವಿ, ಎಲ್ಲಿದೆ ಅಂತ ಹೇಳಿಲ್ಲ. ಮುದುಕ ಒಂದೊಂದೇ ಗೋಡೆ ಕೆಡವ್ತಾ ಕೂತಿದಾನೆ."

"ತಿಂಗಳ ಕೊನೆ ಬೇರೆ. ಬಾಕಿ ಒಂದು ಉಳೀತು ಅಂದ್ರೆ ಮೇಲಿನವರು ನನ್ನ ಕೇಳ್ತಾರೆ."

"ಕೇಳಲಿ. ನನ್ನ ಹೆಸರು ಹೇಳಿ."

"ನಿಮ್ಮ ಕರಾರು ಡಿಸೆಂಬರಿಗೆ ಮುಗಿಯತ್ತೆ. ಗೊತ್ತಲ್ಲ?"

"ನನ್ನ ಕರಾರು ನನಗೆ ಗೊತ್ತಿರಲ್ವಾ?"

ಮಿಹೊ ಕೆಮ್ಮುತ್ತಾಳೆ. ಹಬು ಅತ್ತ ನೋಡಿ ಮತ್ತೆ ಇತ್ತ ನೋಡುತ್ತಾರೆ. ಕಿನುಯೊ ಬಲಗಿವಿ ಮುಂದೆ ಮಾಡಿ ನಿಂತೇ ಇದ್ದಾರೆ.

"ಹಬು ಅವರೇ, ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಅಚ್ಚಿನ ಉತ್ತರ ಇದೆಯಲ್ಲ, 'ಹೊಂದುವುದಿಲ್ಲ, ಪರಿಶೀಲಿಸಿ.' ಅದೂ ಇದೇನೇ." ಅವರು ಅಂಗೈ ಚಾಚಿ ತೋರಿಸುತ್ತಾರೆ. "ಹೇಳ್ದೇನೇ ಹೇಳೋದು. ನಾಳೆ ಯಾರಾದ್ರೂ ಕೇಳಿದ್ರೆ ನಾವು ಹೇಳೇ ಇಲ್ಲ ಅನ್ನೋದು. ಇಪ್ಪತ್ತೆರಡು ವರ್ಷ ನಾನು ಹೊಟ್ಟೆಪಾಡಿಗೆ ಹೀಗೆ ನಿಂತಿದೀನಿ. ಬೇರೆ ದಾರಿ ಇರಲಿಲ್ಲ. ಇಲ್ಲಿ ಒಂದು ಗುಂಡಿ ಇದೆ. ಒಂದು ಸಲ ಬೆರಳಿಟ್ಟು ತೋರಿಸ್ತೀನಿ, ಬಿಡಿ."

ಹಬು ಕೇಳುತ್ತಾರೆ: "ಏನು ಬರೀತೀರಿ?"

ಕಿನುಯೊ ಕಾಗದ ಮುಂದಿಡುತ್ತಾರೆ. ಆಗಲೇ ಬರೆದು ತಂದಿದ್ದರು. 'ಕೇಳಿದವರಿಗೆ ಉತ್ತರ ಎಂಬ ಪುಟದಲ್ಲಿರುವ ನಲವತ್ತಮೂರು ಅಂಗೈಗಳ ಚಿತ್ರ ತೆಗೆಯಿರಿ. ಪಕ್ಕದ ಸಾಲನ್ನೂ ತೆಗೆಯಿರಿ. ಅದು ದಾರಿ ತೋರಿಸುತ್ತದೆ. ಮೊಳೆಗಳ ಚಿತ್ರಗಳಲ್ಲಿ ತಪ್ಪಿಲ್ಲ. ಮತ್ತೆ ಹಾಕಬಹುದು.'

"ಮೊದಲೆರಡು ಸರಿ. ಮೊಳೆ ವಿಷಯ ಬೇಡ. ಏನು ಹಾಕ್ಬೇಕು ಅಂತ ಹೇಳೋದು ನಮ್ಮ ಕೆಲಸ ಅಲ್ಲ."

"ಅದನ್ನ ಬಿಟ್ರೆ ನಾನು ಕಳಿಸೋದೇ ಇಲ್ಲ."

"ಕಳಿಸದೆ?"

"ಇಲ್ಲೇ ನಿಂತಿರ್ತೀನಿ. ನಿಂತು ನಂಗೆ ಅಭ್ಯಾಸ ಇದೆ."

ಮಿಹೊ ಈಗ ಕೆಮ್ಮುವ ನೆಪವನ್ನೂ ಬಿಟ್ಟು ನಗುತ್ತಾಳೆ. ಹಬು ಖಾನೆ ಎಳೆದು ಮುದ್ರೆ ತೆಗೆಯುತ್ತಾರೆ. ಹತ್ತು ಗಂಟೆ ಹತ್ತು ನಿಮಿಷಕ್ಕೆ ವಾಪಸು ಹೋಗುತ್ತದೆ. ತಿದ್ದಲು ಹತ್ತು ದಿನ. ಹನ್ನೊಂದನೆಯ ದಿನ ತಾಣ ಹಾಗೆಯೇ ಇದ್ದರೆ ತಾನಾಗಿ ನಿರಾಕರಣೆ.

ಆಮೇಲಿನ ದಿನಗಳಲ್ಲಿ ಕಿನುಯೊ ಬೆಳಿಗ್ಗೆ ಬಂದೊಡನೆ ನೋಡುವುದು ಅದನ್ನೇ. ಅಂಗೈಗಳು ಹಾಗೇ ಇವೆ. ಮೂರನೆಯ ದಿನ, ಐದನೆಯ ದಿನ. ಏಳನೆಯ ದಿನವೂ. ಕುಮೆದಾರಿಗೆ ಪತ್ರ ತಲುಪಿತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಪರೀಕ್ಷಕರು ತಾಣದವರಿಗೆ ಫೋನ್ ಮಾಡುವಂತಿಲ್ಲ, ಹೆಸರು ಹೇಳುವಂತಿಲ್ಲ. ಅಷ್ಟರಲ್ಲಿ ದಿನಕ್ಕೆ ನೂರನಲವತ್ತು ಬರುತ್ತಲೇ ಇವೆ. ಮಂಜುಗಡ್ಡೆ ಮೀನುಗಾರಿಕೆಯ ತಾಣವೊಂದು, ಮೀನಿನ ತೂಕದ ಹೆಸರಿನಲ್ಲಿ ಪಣ ಕಟ್ಟುವ ದೋಣಿ ರೇಸಿನ ಭವಿಷ್ಯ ಹೇಳುತ್ತಿದ್ದುದನ್ನು ಕಿನುಯೊ ಹಿಡಿಯುತ್ತಾರೆ. ಗಂಡನ ಪಚಿಂಕೊ ಚಟದಿಂದ ಬೇಸತ್ತ ಹೆಂಗಸೊಬ್ಬಳ ದಿನಚರಿಗೆ ಒಪ್ಪಿಗೆ ಕೊಡುತ್ತಾರೆ; ಯಂತ್ರ ಅದನ್ನೂ ಜೂಜು ಎಂದಿತ್ತು.

ಎಂಟನೆಯ ದಿನ ಮಿಹೊ ಕೇಳುತ್ತಾಳೆ: "ಸಿಟ್ಟು ಬಂದಿರತ್ತಾ ಅಕ್ಕಾ ಅವರಿಗೆ?"

"ಬಂದಿರತ್ತೆ. ನನಗೆ ಯಾರಾದ್ರೂ ಆ ಸಾಲು ತಪ್ಪು ಅಂದಿದ್ರೆ ನಂಗೂ ಬರ್ತಿತ್ತು."

ಹತ್ತನೆಯ ದಿನ, ಶುಕ್ರವಾರ, ಬೆಳಗಿನ ಐದೂ ಇಪ್ಪತ್ತು. ತಾಣ ತೆರೆದರೆ 'ಕೇಳಿದವರಿಗೆ ಉತ್ತರ' ಎಂಬ ಪುಟವಿದೆ. ಅಂಗಡಿಗಳ ಮುಂಬಾಗಿಲ ಚಿತ್ರಗಳೂ ಇವೆ. ಅಂಗೈಗಳಿಲ್ಲ. ಪ್ರತಿ ಪ್ರಶ್ನೆಯ ಕೆಳಗೆ ಹೊಸ ಸಾಲು: 'ಇದಕ್ಕೆ ಇಲ್ಲಿ ಉತ್ತರಿಸುವುದಿಲ್ಲ.' ಕಿನುಯೊ ಕೆಳಗಿನಿಂದ ಮೇಲಕ್ಕೆ ನಲವತ್ತಮೂರನ್ನೂ ನೋಡುತ್ತಾರೆ. ಚಿತ್ರಗಳ ಅಂಚು ನೋಡುತ್ತಾರೆ. ಮೊದಲ ಪುಟಕ್ಕೆ ಬಂದು ಮತ್ತೆ ಒಂದು ಸುತ್ತು. ಐದು ಗಂಟೆ ಐವತ್ತು ನಿಮಿಷಕ್ಕೆ ಒಪ್ಪಿಗೆ ಒತ್ತುತ್ತಾರೆ.

ಅವರು ಮುಂದಿನ ತಾಣಕ್ಕೆ ಹೋಗಬೇಕು. ಹೋಗದೆ ಅಲ್ಲೇ ಕೂತಿರುತ್ತಾರೆ. ಆರೂವರೆಯ ಹೊತ್ತಿಗೆ ಪುಟದಲ್ಲಿ ಒಂದು ಚಿತ್ರ ಕಾಣಿಸಿಕೊಳ್ಳುತ್ತದೆ. ಹಿತ್ತಾಳೆ ಮೊಳೆಯೊಂದರ ತಲೆ, ಬಹಳ ಹತ್ತಿರದಿಂದ ತೆಗೆದದ್ದು, ತುಸು ಬಾಗಿದೆ. ಹತ್ತು ನಿಮಿಷಕ್ಕೆ ಇನ್ನೊಂದು. ಆ ತುದಿಯಲ್ಲಿ ಕುಮೆದಾ ಎದ್ದು ಕೂತಿದ್ದಾರೆ. ಒಂದೊಂದಾಗಿ ವಾಪಸು ಇಡುತ್ತಿದ್ದಾರೆ.

"ಮುದುಕನ ಕೈ ನಿಧಾನ," ಎಂದು ಕಿನುಯೊ ಆ ದಿನವನ್ನು ನೆನೆದು ನಗುತ್ತಾರೆ. "ಮಧ್ಯಾಹ್ನಕ್ಕೆ ಇಪ್ಪತ್ತಾರಾಗಿತ್ತು. ನನ್ನ ದಿನದ ಕೆಲಸ ಅವತ್ತು ನೂರನಲವತ್ತು ಮುಟ್ಟಲಿಲ್ಲ. ಹಬು ಅವರು ನೋಡಿ ಬಿಟ್ಟುಬಿಟ್ರು."

ಸಂಜೆಗೆ ಪುಟದ ಮೂಲೆಯಲ್ಲಿ ಜಾಹೀರಾತು ಬಂತು. ಮಂಡಿನೋವಿನ ಪಟ್ಟಿಯದು.

ಡಿಸೆಂಬರಿನಲ್ಲಿ ಕಿನುಯೊರ ಕರಾರು ಮುಂದುವರಿಯಿತು. ಹಬು ಆ ವಿಷಯ ಎತ್ತಲಿಲ್ಲ, ಇವರೂ ಕೇಳಲಿಲ್ಲ. ಆದರೆ ಜನವರಿಯಲ್ಲಿ ಗೋಡೆಗೊಂದು ಹಾಳೆ ಅಂಟಿತು: 'ಮೂರನೆಯ ಅರ್ಜಿಯನ್ನು ನಿರಾಕರಿಸುವ ಮುನ್ನ ತಿದ್ದಲು ವಾಪಸು ಕಳಿಸಬಹುದೇ ನೋಡಿ. ಪುಟ, ಸಾಲು ಬರೆಯಿರಿ.' ಅಂದಿನಿಂದ ಈ ಮೇ ತಿಂಗಳವರೆಗೆ ತಂಡ ಮೂವತ್ತೊಂದು ತಾಣಗಳನ್ನು ಹಾಗೆ ಕಳಿಸಿದೆ. ಇಪ್ಪತ್ತೆರಡು ತಿದ್ದಿಕೊಂಡು ಬಂದವು. ಐದು ಬರಲೇ ಇಲ್ಲ. ನಾಲ್ಕು, ಹಬು ಹೇಳಿದಂತೆ, ತೋರಿಸಿದಷ್ಟನ್ನೇ ಒರೆಸಿ ಬೇರೆ ಕಡೆ ಬಾಗಿಲು ತೆಗೆದವು. ಕಿನುಯೊ ಅದನ್ನೂ ಮುಚ್ಚಿಡುವುದಿಲ್ಲ. "ನಾಲ್ಕನ್ನೂ ಆಮೇಲೆ ಹಿಡಿದ್ವಿ. ಒಂದು ಮಿಹೊನೇ ಹಿಡಿದ್ಲು. ಬುಡದಿಂದ ಓದೋದು ಕಲಿತಿದಾಳೆ."

"ಬಲವಂತ ಮಾಡಿ ಕಲಿಸಿದ್ರು," ಎಂದು ಮಿಹೊ ಆಚೆಯಿಂದ ಕೂಗುತ್ತಾಳೆ. "ಈಗ ಕಾದಂಬರಿನೂ ಕೊನೇ ಪುಟದಿಂದ ಶುರು ಮಾಡ್ತೀನಿ. ಜೀವನ ಹಾಳಾಯ್ತು."

ಮಗಳು ಓಸಾಕಾದಲ್ಲಿ ನರ್ಸು. ತಾಯಿ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ 'ಕಂಪ್ಯೂಟರಿಂದು' ಎನ್ನುತ್ತಾಳಂತೆ. ಕೌಂಟರಿನಲ್ಲಿದ್ದಾಗಲೂ 'ಅಂಗಡೀಲಿ' ಎನ್ನುತ್ತಿದ್ದಳು. ಕಿನುಯೊಗೆ ಅದರಲ್ಲಿ ಬೇಸರವೇನಿಲ್ಲ. ಈ ಕೆಲಸದಲ್ಲಿ ಹೆಸರು ಎಲ್ಲೂ ಬರುವುದಿಲ್ಲ. ಕಳಿಸುವ ಉತ್ತರದ ಕೆಳಗೆ ಕಂಪನಿಯ ಹೆಸರಿರುತ್ತದೆ, ಅಷ್ಟೆ. ಜೂಜಿನ ತಾಣವೊಂದು ಹೊರಗೆ ಉಳಿದರೆ ಅದು ಇಲ್ಲವೆಂಬುದು ಯಾರಿಗೂ ಕಾಣುವುದಿಲ್ಲ. ಒಳ್ಳೆಯದೊಂದು ಒಳಗೆ ಬಂದರೆ ಮೂಲೆಯಲ್ಲಿ ಮಂಡಿನೋವಿನ ಪಟ್ಟಿ ಕಾಣುತ್ತದೆ.

ಮಾರ್ಚಿನ ಕೊನೆಯಲ್ಲಿ ನಾನೂರ ಹನ್ನೆರಡನೆಯ ಮೊಳೆ ವಾಪಸು ಬಂತು. ಅದರ ಕೆಳಗೆ ಕುಮೆದಾ ತಮ್ಮ ಓದುಗರಿಗೆ ಒಂದು ಟಿಪ್ಪಣಿ ಬರೆದರು. ತಾಣ ಇನ್ನೊಂದು ವರ್ಷ ಇರುತ್ತದೆ, ಎಂದು ಶುರುವಾಗುತ್ತದೆ. ಅಂಗೈಗಳ ವಿಷಯದಲ್ಲಿ ತಾನು ಒಂದು ವಾರ ಸಿಟ್ಟು ಮಾಡಿಕೊಂಡು ಕೂತಿದ್ದೆ, ಆಮೇಲೆ ಹಳೆಯ ಉತ್ತರಗಳನ್ನು ಹೊರಗಿನವನಂತೆ ಓದಿ ನೋಡಿದೆ, ನಾಚಿಕೆಯಾಯಿತು ಎಂದಿದೆ. ಕೊನೆಯಲ್ಲಿ ಎರಡು ಸಾಲು: 'ಅಲ್ಲಿರುವುದು ಯಂತ್ರವೆಂದುಕೊಂಡಿದ್ದೆ. ಯಾರೋ ಒಬ್ಬರು ಕೂತು ಓದುತ್ತಾರೆ.'

ಕಿನುಯೊ ಆ ಪುಟ ತೆರೆದು ತೋರಿಸುತ್ತಾರೆ. ಪರ್ಸಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಪರದೆಗೆ ಮುಖ ಹತ್ತಿರ ತಂದು, ಆ ಕೊನೆಯ ಸಾಲಿನ ಕೆಳಗೆ ತೋರುಬೆರಳು ಇಡುತ್ತಾರೆ.

"ಈ 'ಯಾರೋ ಒಬ್ಬರು' ಇದಾರಲ್ಲ," ಎನ್ನುತ್ತಾರೆ, "ಅದು ನಾನು."